ಚಿನಾರ್ ಕೆಂಪಾಗುವ ಹೊತ್ತಿಗೆ ಕಾಶ್ಮೀರ: ಪ್ರವಾಸವನ್ನು ಯೋಜಿಸುವ ಬಗೆ

ಕಾಶ್ಮೀರದ ಶರತ್ಕಾಲವನ್ನು ನೋಡಬೇಕೆಂದು ಹೊರಡುವ ನಮ್ಮ ಕಡೆಯವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಮಕ್ಕಳ ದಸರಾ ರಜೆಗೆ ಹೊಂದಿಸಿ ಟಿಕೆಟ್ ಮಾಡಿಸುವುದು. ಇನ್ನೊಂದು, ಕೈಯಲ್ಲಿರುವ ಐದಾರು ದಿನಗಳನ್ನು ಗುಲ್ಮಾರ್ಗ್, ಸೋನ್‌ಮಾರ್ಗ್, ಪಹಲ್ಗಾಮ್ ಎಂದು ಮೇಲಿನ ಬೆಟ್ಟಗಳಿಗೇ ಹಂಚಿಬಿಡುವುದು. ನಾನು ಮೊದಲ ಸಲ ಹೋದಾಗ ಎರಡನ್ನೂ ಮಾಡಿದ್ದೆ. ಅಕ್ಟೋಬರ್ ಎರಡನೇ ವಾರದ ಒಂದು ಮಧ್ಯಾಹ್ನ ನಿಶಾತ್ ಬಾಗ್‌ನ ಮೆಟ್ಟಿಲೇರಿ ನಿಂತಾಗ ತಲೆಯ ಮೇಲಿದ್ದ ಚಿನಾರ್ ಮರಗಳು ನಮ್ಮೂರಿನ ಆಲದ ಮರದಷ್ಟೇ ಹಸಿರಾಗಿದ್ದವು. ಜೊತೆಗೆ ಬಂದಿದ್ದ ಕಾರಿನ ಚಾಲಕರು ಬಾಗಿದ್ದ ಕೊಂಬೆಯ ಎಲೆಯೊಂದನ್ನು ಹಿಡಿದು, ಅದರ ಅಂಚಿನಲ್ಲಿ ಉಗುರಿನ ಅಗಲಕ್ಕೆ ಮೂಡಿದ್ದ ಹಳದಿಯನ್ನು ತೋರಿಸಿ, "ಈಗಷ್ಟೇ ಶುರುವಾಗಿದೆ ಸರ್, ಇನ್ನು ಮೂರು ವಾರ ಬಿಟ್ಟು ಬರಬೇಕಿತ್ತು" ಎಂದರು. ಆಮೇಲೆ ಸರಿಯಾದ ಕಾಲಕ್ಕೆ ಹೋಗಿ ಬಂದ ಅನುಭವದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಯೋಜನೆಯೆಲ್ಲ ಸುಲಭವಾಗುತ್ತದೆ. ಕಾಶ್ಮೀರದ ಶರತ್ಕಾಲದ ಬಣ್ಣ ಬಹುಪಾಲು ಮನುಷ್ಯರು ನೆಟ್ಟ ಮರಗಳ ಬಣ್ಣ. ಮೇಲಿನ ಇಳಿಜಾರುಗಳ ಕಾಡಿನಲ್ಲಿರುವುದು ಹೆಚ್ಚಾಗಿ ದೇವದಾರು, ಕೈಲ್ ಎಂದು ಕರೆಯುವ ನೀಲಿ ಪೈನ್, ಫರ್ ಮತ್ತು ಸ್ಪ್ರೂಸ್. ಇವೆಲ್ಲ ಸೂಜಿ ಎಲೆಯ, ವರ್ಷವಿಡೀ ಹಸಿರಾಗಿಯೇ ಇರುವ ಮರಗಳು. ಕೆಂಪು, ಜೇನು ಬಣ್ಣ, ತಾಮ್ರದ ಬಣ್ಣಗಳನ್ನು ಕೊಡುವ ಚಿನಾರ್, ಪಾಪ್ಲರ್, ವಿಲೋ, ಅಕ್ರೋಟು, ಸೇಬು, ಚೆರ್ರಿಗಳು ಇರುವುದು ಕೆಳಗಿನ ಕಣಿವೆಯಲ್ಲಿ, ಸುಮಾರು 1,600 ಮೀಟರ್ ಎತ್ತರದ ಬಯಲಿನಲ್ಲಿ: ಉದ್ಯಾನಗಳಲ್ಲಿ, ದರ್ಗಾಗಳ ಅಂಗಳದಲ್ಲಿ, ಹಳ್ಳಿಯ ರಸ್ತೆಯ ಬದಿಯಲ್ಲಿ, ತೋಟಗಳಲ್ಲಿ. ಆದ್ದರಿಂದ ಎಲೆಯ ಬಣ್ಣಕ್ಕಾಗಿ ಹೋಗುವವರು ಬೆಟ್ಟ ಹತ್ತುವ ಆತುರವನ್ನು ಬಿಟ್ಟು ಬಯಲಿನಲ್ಲಿಯೇ ಹೆಚ್ಚು ದಿನ ಇರಬೇಕು.

ಎಲೆ ಬಣ್ಣ ತಿರುಗುವ ಬಗೆ

ನಮ್ಮ ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿಯೂ ಎಲೆ ಉದುರುತ್ತದೆ. ಆದರೆ ಅದು ಮಾಗಿ ಕಳೆದು ಬೇಸಿಗೆ ಹತ್ತಿರವಾದಾಗ, ಮಣ್ಣಿನಲ್ಲಿ ನೀರು ಕಡಿಮೆಯಾಗುತ್ತಿದ್ದಂತೆ ಮರ ತನ್ನ ನೀರನ್ನು ಉಳಿಸಿಕೊಳ್ಳಲು ಮಾಡುವ ಕೆಲಸ. ಕಾಶ್ಮೀರದಲ್ಲಿ ಅದೇ ಕೆಲಸವನ್ನು ಮಾಡಿಸುವುದು ಚಳಿ ಮತ್ತು ಕುಗ್ಗುವ ಹಗಲು. ಹಗಲು ಚಿಕ್ಕದಾಗಿ ರಾತ್ರಿಗಳು ತಣ್ಣಗಾದಂತೆ ಮರವು ಎಲೆಯಲ್ಲಿರುವ ಪತ್ರಹರಿತ್ತನ್ನು ಒಡೆದು ಅದರ ಸಾರವನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಸರಿದಾಗ ಮೊದಲಿನಿಂದಲೂ ಎಲೆಯಲ್ಲಿದ್ದ ಕ್ಯಾರೊಟಿನಾಯ್ಡ್‌ಗಳ ಹಳದಿ ಕಾಣಿಸಿಕೊಳ್ಳುತ್ತದೆ, ಎಲೆಯಲ್ಲಿ ಸಕ್ಕರೆ ಉಳಿದು ಬಿಸಿಲು ಚೆನ್ನಾಗಿದ್ದರೆ ಆಂಥೊಸಯನಿನ್ ಎಂಬ ಕೆಂಪು ವರ್ಣದ್ರವ್ಯವೂ ಹೊಸದಾಗಿ ಸೇರುತ್ತದೆ. ಬಿಸಿಲಿನ ಹಗಲು, ತಣ್ಣನೆಯ ಆದರೆ ಹೆಪ್ಪುಗಟ್ಟದ ರಾತ್ರಿ, ಗಾಳಿಮಳೆಯಿಲ್ಲದ ವಾರ ಇವು ಮೂರೂ ಕೂಡಿಬಂದ ವರ್ಷ ಬಣ್ಣ ಗಾಢವಾಗಿರುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ಅಷ್ಟರಲ್ಲಿ ಒಂದು ಪದರ ಬೆಳೆದು ಹಿಡಿತ ಸಡಿಲವಾಗಿರುವುದರಿಂದ, ಒಂದೇ ಒಂದು ಬಿರುಗಾಳಿಯ ರಾತ್ರಿ ಇಡೀ ಮರವನ್ನು ಬೋಳಾಗಿಸಬಲ್ಲದು.

ಕಾಶ್ಮೀರಿಗಳು ಈ ಋತುವನ್ನು ಹರುದ್ ಎಂದು ಕರೆಯುತ್ತಾರೆ. ಸೋಂತ್, ಗ್ರೇಷ್ಮ, ವಹ್ರಾತ್, ಹರುದ್, ವಂದ್, ಶಿಶುರ್ ಎಂಬ ಅವರ ಆರು ಋತುಗಳ ಲೆಕ್ಕ ನಮ್ಮ ಪಂಚಾಂಗದ ಲೆಕ್ಕದಂತೆಯೇ ಇದೆ, ಹರುದ್ ಎನ್ನುವುದು ಸಂಸ್ಕೃತದ ಶರದ್ ಶಬ್ದದ ಕಾಶ್ಮೀರಿ ರೂಪ. ನಮ್ಮಲ್ಲಿ ಹಳಗನ್ನಡದ ಪಾಲು ಹಾಲಾದ ಹಾಗೆ ಅವರಲ್ಲಿ ಶಕಾರ ಹಲವೆಡೆ ಹಕಾರವಾಗಿದೆ. ನಮಗೆ ಶರದೃತು ಎಂದರೆ ತಿಳಿಯಾದ ಆಕಾಶ ಮತ್ತು ನವರಾತ್ರಿ. ಅಲ್ಲಿನವರಿಗೆ ಅದು ಬೆಳೆ ಮನೆಗೆ ಬರುವ, ಚಳಿಗಾಲಕ್ಕೆ ಉಗ್ರಾಣ ತುಂಬಿಸುವ ಕಾಲ. ಆ ದಿನಗಳಲ್ಲಿ ಹಳ್ಳಿಗಳ ಮೂಲಕ ಹೋದರೆ ಕಿಟಕಿಗಳ ಹೊರಗೆ ಒಣಮೆಣಸಿನಕಾಯಿಯ ಸರಗಳು, ಸೋರೆಕಾಯಿಯ ಸುರುಳಿಗಳು, ಹೋಳು ಮಾಡಿದ ಬದನೆ ಮತ್ತು ಟೊಮೇಟೊ ತೂಗಾಡುತ್ತಿರುತ್ತವೆ. ಹೋಖ್ ಸ್ಯುನ್ ಎಂದು ಕರೆಯುವ ಈ ಒಣತರಕಾರಿ ನಮ್ಮ ಅಜ್ಜಿಯರ ಸಂಡಿಗೆ, ಬಾಳಕದ ಡಬ್ಬಗಳ ಸಾಲಿಗೆ ಸೇರಿದ್ದು.

ಮೊದಲ ಕೆಲಸ: ದಿನಾಂಕ

ಎಲ್ಲ ಮರಗಳೂ ಒಂದೇ ವಾರ ತಿರುಗುವುದಿಲ್ಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ಅಕ್ರೋಟು ಮತ್ತು ಎತ್ತರದ ಊರುಗಳ ಪಾಪ್ಲರ್‌ಗಳು ಹಳದಿಯಾಗತೊಡಗುತ್ತವೆ. ತಿಂಗಳ ಕೊನೆಯ ವಾರ ಬಯಲಿನ ಪಾಪ್ಲರ್ ಸಾಲುಗಳು, ವಿಲೋಗಳು, ಸೇಬಿನ ತೋಟಗಳು ಬಣ್ಣಕ್ಕೆ ಬರುತ್ತವೆ. ಚಿನಾರ್ ಎಲ್ಲರಿಗಿಂತ ನಿಧಾನ. ಅಂಚಿನಿಂದ ಹಳದಿಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ, ಅಲ್ಲಿಂದ ಇಟ್ಟಿಗೆ ಕೆಂಪಿಗೆ, ಕೊನೆಗೆ ಕಂದಿದ ತಾಮ್ರದ ಬಣ್ಣಕ್ಕೆ ಇಳಿಯುವ ಅದರ ಪಯಣ ಅಕ್ಟೋಬರ್ ಕೊನೆಯಲ್ಲಿ ಆರಂಭವಾಗಿ ನವೆಂಬರ್ ಮೂರನೇ ವಾರದವರೆಗೂ ನಡೆಯುತ್ತದೆ. ಹೀಗಾಗಿ ಒಂದೇ ಪ್ರವಾಸದಲ್ಲಿ ಹೆಚ್ಚಿನದನ್ನು ನೋಡಬೇಕೆನ್ನುವವರಿಗೆ ಅಕ್ಟೋಬರ್ 28ರಿಂದ ನವೆಂಬರ್ 10ರ ನಡುವಿನ ಒಂದು ವಾರವನ್ನು ನಾನು ಸೂಚಿಸುತ್ತೇನೆ. ಪಾಂಪೋರಿನ ಕೇಸರಿ ಹೂವು ಅರಳುವುದೂ ಬಹುತೇಕ ಅದೇ ದಿನಗಳಲ್ಲಿ. ಚಿನಾರ್ ಒಂದೇ ಸಾಕು, ಅದರ ಕಡುಗೆಂಪೇ ಬೇಕು ಎನ್ನುವವರು ನವೆಂಬರ್ 5ರಿಂದ 15ರ ನಡುವೆ ಹೋಗಬಹುದು. ಆಗ ಕೇಸರಿ ಸಿಗದೇ ಹೋಗಬಹುದು, ಚಳಿ ಮಾತ್ರ ಖಂಡಿತ ಸಿಗುತ್ತದೆ.

ನಮ್ಮ ರಜೆಗಳ ಲೆಕ್ಕದಲ್ಲಿ ಹೇಳುವುದಾದರೆ, ದಸರಾ ಬಹುತೇಕ ವರ್ಷ ಚಿನಾರಿಗೆ ತೀರ ಬೇಗವಾಗುತ್ತದೆ. ನವೆಂಬರ್ 1ರ ರಾಜ್ಯೋತ್ಸವದ ರಜೆ ಸರಿಯಾದ ಜಾಗದಲ್ಲಿದೆ. ದೀಪಾವಳಿ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಾರ್ಧಕ್ಕೋ ಬಿದ್ದ ವರ್ಷ ಇನ್ನೂ ಒಳ್ಳೆಯದು, ಹಬ್ಬ ಮುಗಿಸಿ ಬಲಿಪಾಡ್ಯಮಿಯ ಮರುದಿನ ಹೊರಟರೂ ನಷ್ಟವಿಲ್ಲ. ಹಬ್ಬದ ಆಸುಪಾಸಿನಲ್ಲಿ ವಿಮಾನದ ದರ ಏರುವುದರಿಂದ ಎರಡು ಮೂರು ತಿಂಗಳು ಮೊದಲೇ ಟಿಕೆಟ್ ಮಾಡಿಸಬೇಕು, ವಾರದ ಮಧ್ಯದ ದಿನಗಳನ್ನು ನೋಡಬೇಕು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಶರತ್ಕಾಲ ಕಾಶ್ಮೀರದಲ್ಲಿ ಮಳೆ ಕಡಿಮೆಯಿರುವ ಕಾಲ, ಆದರೆ ಪಶ್ಚಿಮದಿಂದ ಬರುವ ಹವಾಮಾನದ ಅಲೆಗಳು ನವೆಂಬರ್‌ನಲ್ಲಿ ಅಕಾಲದ ಹಿಮವನ್ನು ಸುರಿಸಿದ ಉದಾಹರಣೆಗಳಿವೆ. 2018ರ ನವೆಂಬರ್ ಮೊದಲ ವಾರದಲ್ಲಿಯೂ, 2019ರ ನವೆಂಬರ್ 7ರಂದೂ ಬಯಲಿಗೇ ಹಿಮ ಬಿದ್ದು, ಇನ್ನೂ ಎಲೆ ಹೊತ್ತಿದ್ದ ಸೇಬಿನ ಮರಗಳು ಆ ಭಾರಕ್ಕೆ ಸೀಳಿಹೋದವು. ಅಂಥ ವರ್ಷ ಪ್ರವಾಸಿಗರಿಗೆ ಕೆಂಪು ಚಿನಾರ್ ಮೇಲೆ ಬಿಳಿ ಹಿಮ ಎಂಬ ಅಪರೂಪದ ದೃಶ್ಯ ಸಿಕ್ಕಿದರೂ ರೈತರಿಗೆ ಅದು ವರ್ಷಗಟ್ಟಲೆಯ ಪೆಟ್ಟು. ಆದ್ದರಿಂದ ಯೋಜನೆಯಲ್ಲಿ ಒಂದು ದಿನವನ್ನು ಖಾಲಿ ಬಿಟ್ಟಿರಬೇಕು, ಹೋಟೆಲಿನ ಕಾಯ್ದಿರಿಸುವಿಕೆ ರದ್ದು ಮಾಡಲು ಅವಕಾಶವಿರುವಂಥದ್ದಾಗಿರಬೇಕು.

ಎಷ್ಟು ದಿನ, ಎಲ್ಲಿ ತಂಗುವುದು

ಆರು ರಾತ್ರಿಗಳಿದ್ದರೆ ಐದನ್ನು ಶ್ರೀನಗರಕ್ಕೇ ಕೊಡಿ ಎನ್ನುವುದು ನನ್ನ ಸಲಹೆ. ಪ್ಯಾಕೇಜ್ ಮಾರುವವರು ಇದನ್ನು ಒಪ್ಪುವುದಿಲ್ಲ. ಅವರ ಅಚ್ಚಿನಲ್ಲಿ ಗುಲ್ಮಾರ್ಗಿಗೆ ಒಂದು, ಪಹಲ್ಗಾಮಿಗೆ ಎರಡು ರಾತ್ರಿ ಮೊದಲೇ ಎರಕವಾಗಿರುತ್ತವೆ. ಗುಲ್ಮಾರ್ಗ್ ಸುಂದರವಾದ ಊರು, ಅದರಲ್ಲಿ ಅನುಮಾನವಿಲ್ಲ, ಆದರೆ ಸುಮಾರು 2,650 ಮೀಟರ್ ಎತ್ತರದ ಆ ಹುಲ್ಲುಗಾವಲು ಅಕ್ಟೋಬರ್ ಕೊನೆಯಲ್ಲಿ ಒಣಗಿ ಕಂದಾಗಿರುತ್ತದೆ, ಹಿಮ ಇನ್ನೂ ಕೂತಿರುವುದಿಲ್ಲ, ಸುತ್ತಲಿನ ಕಾಡು ಕಡುಹಸಿರು. ರೋಪ್‌ವೇಯ ಆಸೆಯಿದ್ದರೆ ಶ್ರೀನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು, ಬರಿಯ ಐವತ್ತು ಕಿಲೋಮೀಟರ್ ದೂರ. ಪಹಲ್ಗಾಮಿನ ವಿಷಯ ಸ್ವಲ್ಪ ಬೇರೆ: ಲಿದ್ದರ್ ನದಿಯ ದಂಡೆಯ ಪಾಪ್ಲರ್ ಮತ್ತು ಅಕ್ರೋಟಿನ ಹಳದಿ, ಹಿಂದಿನ ಪೈನ್ ಕಾಡಿನ ಹಸಿರು ಎರಡೂ ಒಟ್ಟಿಗೆ ಕಾಣುತ್ತವೆ. ಅಕ್ಟೋಬರ್‌ನಲ್ಲಿಯೇ ಹೋಗುವವರು ಅಲ್ಲಿ ಒಂದು ರಾತ್ರಿ ಕಳೆಯಬಹುದು, ನವೆಂಬರ್ ಎರಡನೇ ವಾರಕ್ಕೆ ಅಲ್ಲಿನ ಮರಗಳು ಹೆಚ್ಚುಕಡಿಮೆ ಬರಿದಾಗಿರುತ್ತವೆ.

ಕೋಣೆಯನ್ನು ಕಾಯ್ದಿರಿಸುವಾಗ ಕಿಟಕಿಯ ನೋಟಕ್ಕಿಂತ ಮೊದಲು ಬಿಸಿಯ ವ್ಯವಸ್ಥೆಯನ್ನು ಕೇಳಬೇಕು. ನವೆಂಬರ್ ಮೊದಲ ಭಾಗದಲ್ಲಿ ಶ್ರೀನಗರದ ಹಗಲಿನ ಉಷ್ಣತೆ 15ರಿಂದ 18 ಡಿಗ್ರಿಯಷ್ಟಿದ್ದು ಹಿತವಾಗಿರುತ್ತದೆ, ರಾತ್ರಿ ಮಾತ್ರ ಎರಡು ಮೂರು ಡಿಗ್ರಿಗೆ, ಕೆಲವೊಮ್ಮೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. "ಹೀಟರ್ ಇದೆ" ಎಂಬ ಉತ್ತರಕ್ಕೆ ತೃಪ್ತಿಪಡದೆ, ಹಾಸಿಗೆಯ ಮೇಲೆ ವಿದ್ಯುತ್ ಕಂಬಳಿ ಇದೆಯೇ, ಕರೆಂಟ್ ಹೋದಾಗ ಜನರೇಟರ್‌ನಲ್ಲಿ ಅದು ನಡೆಯುತ್ತದೆಯೇ, ಬಿಸಿನೀರು ಇಡೀ ದಿನ ಬರುತ್ತದೆಯೇ ಅಥವಾ ಬೆಳಗಿನ ಎರಡು ಗಂಟೆಯೇ ಎಂದು ಬಿಡಿಸಿ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ಹೌಸ್‌ಬೋಟ್‌ನಲ್ಲಿ ತಂಗುವುದಾದರೆ ಈ ಪ್ರಶ್ನೆಗಳು ಇನ್ನೂ ಮುಖ್ಯ, ಏಕೆಂದರೆ ಮರದ ದೋಣಿಯ ಕೆಳಗೆ ರಾತ್ರಿಯಿಡೀ ತಣ್ಣೀರು ಇರುತ್ತದೆ. ಬುಖಾರಿ ಎಂಬ ಸೌದೆಯ ಒಲೆ ಇರುವ ದೋಣಿಯನ್ನೇ ಆರಿಸಿ, ಒಂದು ರಾತ್ರಿಗಿಂತ ಹೆಚ್ಚು ಬೇಡ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ದೋಣಿಯಿಂದ ದೋಣಿಗೆ ದಾಟುವುದು, ಹಲಗೆಯ ಮೇಲೆ ನಡೆಯುವುದು ಅವರಿಗೆ ಕಷ್ಟವಾಗುತ್ತದೆ ಎಂಬುದನ್ನೂ ಯೋಚಿಸಬೇಕು.

ಹೋಗುವ ದಾರಿ

ಬೆಂಗಳೂರಿನಿಂದ ಶ್ರೀನಗರಕ್ಕೆ ನೇರ ವಿಮಾನ ಸಿಕ್ಕರೆ ಸರಿ, ಇಲ್ಲವಾದರೆ ದೆಹಲಿಯಲ್ಲಿ ಬದಲಿಸಬೇಕು. ದೆಹಲಿಯಿಂದ ಮುಂದಿನ ಹಾರಾಟ ಸುಮಾರು ಒಂದೂವರೆ ಗಂಟೆ. ದೆಹಲಿಯಲ್ಲಿ ಎರಡು ವಿಮಾನಗಳ ನಡುವೆ ಕನಿಷ್ಠ ಮೂರು ಗಂಟೆಯ ಅಂತರವಿರಲಿ, ನವೆಂಬರ್‌ನ ಹೊಗೆಮಂಜಿನಲ್ಲಿ ಅಲ್ಲಿನ ವೇಳಾಪಟ್ಟಿಗಳು ಹಿಂದುಮುಂದಾಗುತ್ತವೆ.

ಸಮಯವಿದ್ದವರಿಗೆ ಈಗ ರೈಲಿನ ದಾರಿಯೂ ತೆರೆದಿದೆ. 2025ರ ಜೂನ್ 6ರಂದು ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಆರಂಭವಾಗಿ, ನದಿಯ ತಳದಿಂದ 359 ಮೀಟರ್ ಎತ್ತರದಲ್ಲಿರುವ ಚಿನಾಬ್ ಸೇತುವೆಯನ್ನು ದಾಟಿ ಸುಮಾರು ಮೂರು ಗಂಟೆಯಲ್ಲಿ ಕಣಿವೆಯನ್ನು ತಲುಪಿಸುತ್ತಿದೆ. ವೈಷ್ಣೋದೇವಿಯ ಯಾತ್ರೆಯನ್ನೂ ಸೇರಿಸಿಕೊಳ್ಳುವ ಕುಟುಂಬಗಳಿಗೆ ಇದು ಅನುಕೂಲ. ರಸ್ತೆಯ ದಾರಿಯನ್ನು ಮಾತ್ರ ನಾನು ಸೂಚಿಸುವುದಿಲ್ಲ. ಜಮ್ಮು–ಶ್ರೀನಗರ ಹೆದ್ದಾರಿ ಮಣ್ಣು ಕುಸಿದು ಮುಚ್ಚುವುದು ಸಾಮಾನ್ಯ, ಶರತ್ಕಾಲದಲ್ಲಿ ಸೇಬಿನ ಲಾರಿಗಳ ಸಾಲೂ ಅದಕ್ಕೆ ಸೇರುತ್ತದೆ.

ದಿನಗಳನ್ನು ಹಂಚುವ ಬಗೆ

ಉದ್ಯಾನಗಳಿಗೆ ಯಾವ ಹೊತ್ತಿನಲ್ಲಿ ಹೋಗಬೇಕೆಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ, ಆದರೆ ಎಲೆಯ ಬಣ್ಣ ಬೆಳಕನ್ನೇ ನೆಚ್ಚಿಕೊಂಡಿದೆ. ನಿಶಾತ್ ಮತ್ತು ಶಾಲಿಮಾರ್ ಉದ್ಯಾನಗಳು ದಾಲ್ ಸರೋವರದ ಪೂರ್ವ ದಂಡೆಯ ಕಡೆ, ಬೆಟ್ಟದ ಬುಡದಲ್ಲಿವೆ. ಸೂರ್ಯ ಆ ಬೆಟ್ಟಗಳ ಹಿಂದಿನಿಂದ ಏಳುವುದರಿಂದ ಬೆಳಿಗ್ಗೆ ಅಲ್ಲಿ ಬಹಳ ಹೊತ್ತು ನೆರಳಿರುತ್ತದೆ. ಮಧ್ಯಾಹ್ನ ಎರಡೂವರೆಯ ನಂತರ ಸರೋವರದ ಮೇಲಿನಿಂದ ಓರೆಯಾಗಿ ಬರುವ ಬಿಸಿಲಿನಲ್ಲಿ ಚಿನಾರ್ ಎಲೆಗಳು ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತವೆ. ನವೆಂಬರ್‌ನಲ್ಲಿ ಐದೂವರೆಯ ಸುಮಾರಿಗೆ ಸೂರ್ಯ ಮುಳುಗುವುದರಿಂದ ನಿಮಗೆ ಸಿಗುವುದು ಮೂರೇ ಗಂಟೆ, ಒಂದು ಮಧ್ಯಾಹ್ನಕ್ಕೆ ಒಂದೇ ಉದ್ಯಾನ ಎಂದು ಇಟ್ಟುಕೊಳ್ಳಿ. ಜಹಾಂಗೀರನ ಕಾಲದಲ್ಲಿ, 1619ರಲ್ಲಿ ರೂಪುಗೊಂಡ ಶಾಲಿಮಾರ್ ಹೆಚ್ಚು ಪ್ರಸಿದ್ಧವಾದರೂ, ನೂರ್ ಜಹಾನಳ ಅಣ್ಣ ಆಸಫ್ ಖಾನ್ 1633ರಲ್ಲಿ ಮಾಡಿಸಿದ ನಿಶಾತ್ ಎಲೆ ನೋಡುವವರಿಗೆ ಹೆಚ್ಚು ಒಪ್ಪುತ್ತದೆ. ಅದರ 12 ಹಂತಗಳ ತುದಿಯಿಂದ ಕೆಳಗೆ ನೋಡಿದರೆ ಕೆಂಪು ತಲೆಗಳ ಆಚೆ ಸರೋವರದ ನೀಲಿ ಕಾಣುತ್ತದೆ. ಟ್ಯುಲಿಪ್ ತೋಟ ವಸಂತದಲ್ಲಿ ಮಾತ್ರ ತೆರೆಯುತ್ತದೆ, ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಬೆಳಗಿನ ಹೊತ್ತನ್ನು ನಸೀಮ್ ಬಾಗ್‌ಗೆ ಮೀಸಲಿಡಿ. ಸರೋವರದ ಪಶ್ಚಿಮ ದಂಡೆಯಲ್ಲಿ, ಹಜರತ್‌ಬಲ್ ದರ್ಗಾದ ಪಕ್ಕದಲ್ಲಿ ಈಗ ಕಾಶ್ಮೀರ ವಿಶ್ವವಿದ್ಯಾಲಯದ ಆವರಣಕ್ಕೆ ಸೇರಿರುವ ಈ ಮೊಘಲ್ ಕಾಲದ ತೋಪಿನಲ್ಲಿ ನೂರಾರು ಚಿನಾರ್‌ಗಳಿವೆ, ಕಾರಂಜಿಗಳಿಲ್ಲ, ಹೂವಿನ ಪಾತಿಗಳಿಲ್ಲ, ಬರಿಯ ಮರಗಳು. ಇಡೀ ಕಣಿವೆಯಲ್ಲಿ ಒಂದೇ ಜಾಗ ನೋಡಲು ಸಾಧ್ಯ ಎಂದರೆ ನಾನು ಇದನ್ನೇ ಹೇಳುತ್ತೇನೆ. ಬಾಗಿಲಿನಲ್ಲಿ ಕೇಳಬಹುದಾದ್ದರಿಂದ ಗುರುತಿನ ಚೀಟಿ ಜೊತೆಗಿರಲಿ, ಶುಕ್ರವಾರ ಮಧ್ಯಾಹ್ನ ನಮಾಜಿನ ಜನಸಂದಣಿಯಲ್ಲಿ ಆ ಕಡೆಯ ರಸ್ತೆ ಕಿಕ್ಕಿರಿಯುವುದರಿಂದ ಬೇರೆ ದಿನವನ್ನು ಆರಿಸಿಕೊಳ್ಳಿ.

ನಾನು ಹೋದ ಬೆಳಿಗ್ಗೆ ಅಲ್ಲಿ ಇಬ್ಬರು ಹೆಂಗಸರು ಕಡ್ಡಿಯ ಪೊರಕೆಯಿಂದ ಉದುರಿದ ಎಲೆಗಳನ್ನು ಗುಡ್ಡೆ ಮಾಡುತ್ತಿದ್ದರು. ಚಿನಾರ್ ಎಲೆ ನಮ್ಮ ಹರಳು ಗಿಡದ ಎಲೆಯಂತೆ ಬೆರಳು ಬಿಡಿಸಿದ ಅಂಗೈಯ ಆಕಾರದ್ದು, ಒಣಗಿದಾಗ ಹಪ್ಪಳದಂತೆ ಗರಿಗರಿ. ಗುಡ್ಡೆಗೆ ಬೆಂಕಿಯಿಟ್ಟು, ಉರಿ ಏಳದಂತೆ ಮೇಲೆ ನೀರು ಚಿಮುಕಿಸುತ್ತ, ಬೂದಿಯಾಗುವ ಮೊದಲೇ ಆರಿಸಿ ಕಪ್ಪು ಪುಡಿಯಂಥ ಇದ್ದಿಲನ್ನು ಚೀಲಕ್ಕೆ ತುಂಬಿಕೊಂಡರು. ಚಳಿಗಾಲದಲ್ಲಿ ಫೆರನ್ ಎಂಬ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗ್ಡಿಗೆ, ಅಂದರೆ ಬೆತ್ತದ ಬುಟ್ಟಿಯಲ್ಲಿ ಕೂರಿಸಿದ ಮಣ್ಣಿನ ಅಗ್ಗಿಷ್ಟಿಕೆಗೆ, ಈ ಎಲೆಯ ಇದ್ದಿಲು ಬೇಕು. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುವ ಕಸ ಅಲ್ಲಿನವರ ಡಿಸೆಂಬರ್‌ನ ಶಾಖ. ಇದರ ಹೊಗೆ ಸಂಜೆಯ ಹೊತ್ತು ಊರಿನ ಮೇಲೆ ನಿಲ್ಲುವುದರಿಂದ ಉಬ್ಬಸದ ತೊಂದರೆ ಇರುವವರು ಇನ್‌ಹೇಲರ್ ಮರೆಯಬಾರದು.

ಮೂರನೆಯ ದಿನವನ್ನು ದಕ್ಷಿಣದ ರಸ್ತೆಗೆ ಕೊಡಬಹುದು. ಶ್ರೀನಗರದಿಂದ ಹದಿನೈದು ಕಿಲೋಮೀಟರ್ ಒಳಗಿರುವ ಪಾಂಪೋರಿಗೆ ಬೆಳಿಗ್ಗೆಯೇ ತಲುಪಬೇಕು, ಏಕೆಂದರೆ ಕೇಸರಿಯ ನೇರಳೆ ಹೂವನ್ನು ಬಿಸಿಲು ಏರುವ ಮೊದಲು ಬಿಡಿಸುತ್ತಾರೆ, ಹನ್ನೊಂದು ಗಂಟೆಗೆ ಹೋದರೆ ಬರಿಯ ಮಣ್ಣನ್ನು ನೋಡಿ ಬರಬೇಕಾಗುತ್ತದೆ. ಕರೇವಾ ಎಂದು ಕರೆಯುವ ಎತ್ತರದ ದಿನ್ನೆಗಳ ಮೇಲೆ ಈ ಬೆಳೆ. ಒಂದು ಹೂವಿಗೆ ಮೂರೇ ಕೆಂಪು ಎಳೆ, ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕು ಎಂದು ತಿಳಿದ ಮೇಲೆ ನಮ್ಮ ಕೇಸರಿಬಾತಿನ ಬಣ್ಣದ ಪುಡಿಯ ಬಗ್ಗೆ ಯಾರಿಗೂ ದೂರು ಉಳಿಯುವುದಿಲ್ಲ. ಗಡ್ಡೆಗಳು ಮಣ್ಣಿನಲ್ಲಿಯೇ ಇರುವುದರಿಂದ ಮಡಿಯ ಮೇಲೆ ಕಾಲಿಡದೆ ಸಾಲಿನ ನಡುವೆ ನಡೆಯಬೇಕು, ಹೊಲದವರನ್ನು ಕೇಳಿಯೇ ಒಳಗೆ ಹೋಗಬೇಕು. ಕೊಳ್ಳುವುದಾದರೆ 2020ರಲ್ಲಿ ಭೌಗೋಳಿಕ ಗುರುತು ಪಡೆದ ಕಾಶ್ಮೀರ ಕೇಸರಿಯ ಮುದ್ರೆಯಿರುವ ಡಬ್ಬಿಯನ್ನೇ ಕೊಳ್ಳಿ. ಬಿಡಿಯಾಗಿ ಕೊಟ್ಟದ್ದನ್ನು ಬೆಚ್ಚಗಿನ ನೀರಿಗೆ ಹಾಕಿ ನೋಡಿ: ಅಸಲಿಯಾದರೆ ನೀರಿಗೆ ಹೊನ್ನಿನ ಹಳದಿ ನಿಧಾನವಾಗಿ ಇಳಿಯುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ, ತಕ್ಷಣ ಕೆಂಪು ಬಿಟ್ಟು ಎಳೆ ಬೆಳ್ಳಗಾದರೆ ಅದು ಬಣ್ಣ ಹಾಕಿದ್ದು.

ಅದೇ ರಸ್ತೆಯಲ್ಲಿ ಮುಂದೆ ಅವಂತಿಪೋರಾದಲ್ಲಿ 9ನೇ ಶತಮಾನದ ಅವಂತಿವರ್ಮನ ಕಾಲದ ದೇಗುಲದ ಅವಶೇಷಗಳಿವೆ, ಅರ್ಧ ಗಂಟೆ ನಿಲ್ಲಬಹುದು. ಕ್ರಿಕೆಟ್ ಬ್ಯಾಟ್ ಮಾಡುವ ವಿಲೋ ಮರದ ತುಂಡುಗಳನ್ನು ಗೋಪುರದಂತೆ ಪೇರಿಸಿ ಒಣಗಿಸುವುದನ್ನೂ ಸಂಗಮ್ ಎಂಬಲ್ಲಿ ದಾರಿಯಲ್ಲಿಯೇ ನೋಡಬಹುದು. ಬಿಜ್‌ಬೆಹರಾದ ದಾರಾ ಶಿಕೋ ಉದ್ಯಾನದ ಚಿನಾರ್‌ಗಳು ಇಡೀ ಕಣಿವೆಯ ಅತಿ ದಪ್ಪ ಮರಗಳಲ್ಲಿ ಸೇರುತ್ತವೆ, ಝೇಲಂ ನದಿಯ ಎರಡೂ ದಡದಲ್ಲಿ ಹಬ್ಬಿರುವ ಈ ತೋಟಕ್ಕೆ ಪ್ರವಾಸಿ ಬಸ್ಸುಗಳು ಕಡಿಮೆ. ಊಟ ಮುಗಿಸಿ ಅಚಬಲ್‌ಗೆ ಹೋದರೆ ಬೆಟ್ಟದ ಬುಡದಿಂದ ಉಕ್ಕುವ ಚಿಲುಮೆಯ ನೀರಿನ ಮೇಲೆ ಚಿನಾರ್ ಎಲೆಗಳು ತೇಲುತ್ತ ಬರುವುದನ್ನು ನೋಡಬಹುದು. ಇಷ್ಟಕ್ಕೆ ಒಂದು ದಿನ ತುಂಬುತ್ತದೆ.

ನಾಲ್ಕನೆಯ ದಿನಕ್ಕೆ ಕಾರು ಬೇಡ. ಶ್ರೀನಗರದ ನೌಗಾಮ್ ನಿಲ್ದಾಣದಿಂದ ಬನಿಹಾಲ್‌ಗೆ ಹೋಗುವ ಸ್ಥಳೀಯ ರೈಲನ್ನು ಹಿಡಿಯಿರಿ. ಟಿಕೆಟ್ ಬಹಳ ಅಗ್ಗ, ಸುಮಾರು ಎರಡು ಗಂಟೆಯ ಹಾದಿ. ಅಡಿಕೆ ತೋಟದ ಸಾಲಿನಂತೆ ನೆಟ್ಟಗೆ ನಿಂತ ಹಳದಿ ಪಾಪ್ಲರ್‌ಗಳು, ಕೊಯ್ಲು ಮುಗಿದ ಗದ್ದೆಗಳಲ್ಲಿ ಭತ್ತದ ಹುಲ್ಲಿನ ಬಣವೆಗಳು, ತುಕ್ಕುಗೆಂಪಿನ ಸೇಬಿನ ತೋಟಗಳು ಕಿಟಕಿಯ ಪಕ್ಕದಲ್ಲಿಯೇ ಹಾದುಹೋಗುತ್ತವೆ. ಕೊನೆಗೆ 11 ಕಿಲೋಮೀಟರ್ ಉದ್ದದ ಪೀರ್ ಪಂಜಾಲ್ ಸುರಂಗವನ್ನು ದಾಟಿದರೆ ಬನಿಹಾಲ್. ಬುಡ್ಗಾಮ್ ಮತ್ತು ಬನಿಹಾಲ್ ನಡುವೆ 2023ರ ಅಕ್ಟೋಬರ್‌ನಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯನ್ನೂ ಸೇರಿಸಿದ್ದರು, ಅದು ಓಡುವ ಹೊತ್ತನ್ನು ನಿಲ್ದಾಣದಲ್ಲಿ ವಿಚಾರಿಸಿ. ನನಗಂತೂ ಸಾಮಾನ್ಯ ಬೋಗಿಯೇ ಇಷ್ಟ. ಕಾಲೇಜಿನ ಹುಡುಗಿಯರು, ಸೇಬಿನ ಚೀಲ ಹಿಡಿದ ಮುದುಕರು ಎದುರಿಗೆ ಕೂತು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾರೆ. ಬೆಂಗಳೂರು ಎಂದರೆ ಅವರ ಮನೆಯ ಯಾರಾದರೂ ಒಬ್ಬರು ಅಲ್ಲಿ ಓದಿದ್ದೋ ಶಾಲು ಮಾರಿದ್ದೋ ಇರುತ್ತದೆ.

ಐದನೆಯ ದಿನಕ್ಕೆ ಉತ್ತರದ ಮಾನಸ್‌ಬಲ್ ಸರೋವರ ಸೂಕ್ತ, ಶ್ರೀನಗರದಿಂದ ಸುಮಾರು 30 ಕಿಲೋಮೀಟರ್. ದಂಡೆಯ ಉದ್ಯಾನದಲ್ಲಿ ಚಿನಾರ್‌ಗಳ ನೆರಳಿದೆ, ದಾಲ್ ಸರೋವರದ ಗದ್ದಲವಿಲ್ಲ. ಆರನೆಯ ದಿನವನ್ನು ಖಾಲಿ ಬಿಟ್ಟಿರುವುದನ್ನು ಮರೆಯಬೇಡಿ. ಹವೆ ಚೆನ್ನಾಗಿದ್ದರೆ ಮತ್ತೊಮ್ಮೆ ನಸೀಮ್ ಬಾಗ್‌ಗೆ ಹೋಗಿ, ಐದು ದಿನದಲ್ಲಿ ಮರಗಳು ಎಷ್ಟು ಬದಲಾಗಿವೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ.

ಶೃಂಗೇರಿಯ ಭಕ್ತರು ಇನ್ನೊಂದು ದಾರಿಯನ್ನು ಕೇಳುವುದುಂಟು. ಕುಪ್ವಾರಾ ಜಿಲ್ಲೆಯ ತೀತ್ವಾಲ್‌ನಲ್ಲಿ, ಕಿಶನ್‌ಗಂಗಾ ನದಿಯ ದಂಡೆಯ ಮೇಲೆ, ಶೃಂಗೇರಿ ಮಠವು ಕೊಟ್ಟ ಶಾರದೆಯ ಪಂಚಲೋಹದ ವಿಗ್ರಹವಿರುವ ದೇವಾಲಯ 2023ರ ಮಾರ್ಚ್ 22ರಂದು ತೆರೆಯಿತು. ಆದರೆ ಅದು ನಿಯಂತ್ರಣ ರೇಖೆಯ ಮೇಲಿನ ಊರು, ದಾರಿಯಲ್ಲಿ ಎತ್ತರದ ಸಾಧನಾ ಕಣಿವೆಮಾರ್ಗವನ್ನು ದಾಟಬೇಕು, ಹಿಮ ಬಿದ್ದರೆ ರಸ್ತೆ ನಿಲ್ಲುತ್ತದೆ. ಸ್ಥಳೀಯ ಆಡಳಿತದಿಂದ ಅನುಮತಿಯ ವಿಷಯವನ್ನು ಮೊದಲೇ ಕೇಳಿಕೊಂಡು ಎರಡು ದಿನ ಪ್ರತ್ಯೇಕವಾಗಿಟ್ಟವರು ಮಾತ್ರ ಹೊರಡಬೇಕು.

ಫೋನು, ಬಟ್ಟೆ, ಊಟ, ಗಾಡಿ

ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ತಂಡದಲ್ಲಿ ಕನಿಷ್ಠ ಇಬ್ಬರ ಬಳಿ ಪೋಸ್ಟ್‌ಪೇಯ್ಡ್ ಇರುವಂತೆ ಹೊರಡುವ ಎರಡು ವಾರ ಮೊದಲೇ ಬದಲಾಯಿಸಿಕೊಳ್ಳಿ. ವಿಮಾನ ಇಳಿದ ಮೇಲೆ ಚಾಲಕರಿಗೆ ಕರೆ ಹೋಗದೆ ಸಾಮಾನಿನ ನಡುವೆ ನಿಂತ ಕುಟುಂಬಗಳನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಬಟ್ಟೆ ಪದರ ಪದರವಾಗಿರಲಿ. ಒಂದೇ ದಪ್ಪ ಜಾಕೆಟ್ ನೆಚ್ಚಿಕೊಂಡರೆ ಮಧ್ಯಾಹ್ನ ಬೆವರುತ್ತೀರಿ, ಸಂಜೆ ನಡುಗುತ್ತೀರಿ. ಒಳಗೆ ಥರ್ಮಲ್, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಉಣ್ಣೆಯ ಕಾಲುಚೀಲ, ಕಿವಿ ಮುಚ್ಚುವ ಟೋಪಿ ಸಾಕು. ತುಟಿ ಮತ್ತು ಹಿಮ್ಮಡಿ ಬೇಗ ಒಡೆಯುತ್ತವೆ, ಕೊಬ್ಬರಿ ಎಣ್ಣೆಯ ಚಿಕ್ಕ ಶೀಷೆ ಇಟ್ಟುಕೊಳ್ಳಿ, ಅದು ಅಲ್ಲಿ ಗಟ್ಟಿಯಾಗುವುದರಿಂದ ಅಗಲ ಬಾಯಿಯದ್ದಾಗಿರಲಿ.

ಸಸ್ಯಾಹಾರಿಗಳಿಗೆ ಕಾಶ್ಮೀರದಲ್ಲಿ ಊಟ ಸಿಗುವುದಿಲ್ಲ ಎಂಬುದು ಹಳೆಯ ಭಯ. ತಾವರೆಯ ದಂಟನ್ನು ಮೊಸರಿನಲ್ಲಿ ಬೇಯಿಸಿದ ನದ್ರು ಯಖ್ನಿ, ಹಾಕ್ ಎಂಬ ಸೊಪ್ಪಿನ ಸಾರು, ರಾಜ್ಮಾ, ದಮ್ ಆಲೂ ಮತ್ತು ಅನ್ನ, ಇವನ್ನು ಉಂಡವರು ಪಂಜಾಬಿ ಪನ್ನೀರಿನ ಹಿಂದೆ ಹೋಗುವುದಿಲ್ಲ. ಅಲ್ಲಿನವರೂ ನಮ್ಮಂತೆಯೇ ಅನ್ನ ಉಣ್ಣುವವರು. ಬೆಳಿಗ್ಗೆ ಕಾಂದುರ್, ಅಂದರೆ ಬೀದಿಯ ರೊಟ್ಟಿ ಅಂಗಡಿಯವರ ಬಳಿ ಬಿಸಿ ಗಿರ್ದಾ ಕೊಂಡು ಕಹ್ವಾದ ಜೊತೆ ತಿನ್ನಿ. ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಅನ್ನು ಚಹಾ ಎಂದು ಭಾವಿಸಿ ಕುಡಿದರೆ ನಿರಾಶೆಯಾಗುತ್ತದೆ, ತೆಳುವಾದ ಸಾರು ಎಂದು ಭಾವಿಸಿದರೆ ಎರಡನೆಯ ಬಟ್ಟಲು ಕೇಳುತ್ತೀರಿ.

ಗಾಡಿಯ ವಿಷಯದಲ್ಲಿ, ಶ್ರೀನಗರದಿಂದ ತಂದ ಟ್ಯಾಕ್ಸಿ ಪಹಲ್ಗಾಮ್ ಮತ್ತು ಸೋನ್‌ಮಾರ್ಗ್‌ನ ಒಳದಾರಿಗಳಲ್ಲಿ ಸುತ್ತುವಂತಿಲ್ಲ; ಅಲ್ಲಿ ಊರಿನ ಸಂಘದ ಗಾಡಿಯನ್ನೇ ಹಿಡಿಯಬೇಕು, ದರದ ಫಲಕ ನಿಲ್ದಾಣದಲ್ಲಿಯೇ ಇರುತ್ತದೆ. ಶಿಕಾರಾ ದೋಣಿಗೂ ಘಾಟ್‌ನಲ್ಲಿ ನಿಗದಿತ ದರದ ಫಲಕವಿದೆ, ಕೂರುವ ಮೊದಲು ಅದನ್ನು ಓದಿ ಹೊತ್ತು ಮತ್ತು ಹಣ ಎರಡನ್ನೂ ಮಾತಾಡಿಕೊಳ್ಳಿ.

ಭದ್ರತೆ

2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯಲ್ಲಿ 26 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಕರ್ನಾಟಕದವರೂ ಇದ್ದರು. ಅದಾದ ಮೇಲೆ ಹಲವು ತಾಣಗಳನ್ನು ಮುಚ್ಚಿ, ಹಂತಹಂತವಾಗಿ ತೆರೆಯಲಾಯಿತು. ಹೋಗಬೇಕೇ ಬೇಡವೇ ಎಂಬುದು ಪ್ರತಿ ಕುಟುಂಬ ತಾನೇ ತೀರ್ಮಾನಿಸಬೇಕಾದ ವಿಷಯ, ಅದರಲ್ಲಿ ನಾನು ಸಲಹೆ ಕೊಡಲಾರೆ. ಹೋಗುವುದೆಂದು ನಿರ್ಧರಿಸಿದವರು ಹೊರಡುವ ವಾರದಲ್ಲಿ ಜಮ್ಮು ಕಾಶ್ಮೀರ ಪ್ರವಾಸೋದ್ಯಮ ಇಲಾಖೆಯ ಪ್ರಕಟಣೆಗಳನ್ನು ನೋಡಿ ಯಾವ ತಾಣ ತೆರೆದಿದೆ ಎಂದು ಖಚಿತಪಡಿಸಿಕೊಳ್ಳಬೇಕು, ಮುಚ್ಚಿದ ಜಾಗಕ್ಕೆ ಒಳದಾರಿಯಲ್ಲಿ ಕರೆದೊಯ್ಯುತ್ತೇನೆ ಎನ್ನುವವರ ಮಾತಿಗೆ ಹೂಂ ಎನ್ನಬಾರದು, ಸೈನಿಕರನ್ನೂ ಅವರ ಗಾಡಿ ಮತ್ತು ಚೌಕಿಗಳನ್ನೂ ಚಿತ್ರ ತೆಗೆಯಬಾರದು. ಡ್ರೋನ್ ಅನ್ನು ಮನೆಯಲ್ಲಿಯೇ ಬಿಟ್ಟು ಹೋಗಿ.

ಮರಳುವ ದಿನ

ಶ್ರೀನಗರ ವಿಮಾನ ನಿಲ್ದಾಣದ ಕಟ್ಟಡಕ್ಕೆ ತಲುಪುವ ಮೊದಲೇ ಹೊರಗಿನ ತಪಾಸಣಾ ಗೇಟಿನಲ್ಲಿ ಎಲ್ಲರೂ ಇಳಿದು, ಸಾಮಾನನ್ನೆಲ್ಲ ಯಂತ್ರದ ಮೂಲಕ ಕಳಿಸಿ, ಮತ್ತೆ ಗಾಡಿಗೆ ತುಂಬಿಕೊಂಡು ಮುಂದೆ ಹೋಗಬೇಕು, ಒಳಗೆ ಮತ್ತೆರಡು ಸುತ್ತು ತಪಾಸಣೆ. ವಿಮಾನಕ್ಕೆ ಮೂರು ಗಂಟೆ ಮೊದಲು ಗೇಟಿನಲ್ಲಿರುವಂತೆ ಹೊರಡಿ.

ಬಿದ್ದ ಚಿನಾರ್ ಎಲೆಗಳನ್ನು ಮನೆಗೆ ತರುವ ಆಸೆ ಎಲ್ಲರಿಗೂ ಆಗುತ್ತದೆ. ಪೂರ್ತಿ ಒಣಗಿದ್ದನ್ನು ಆರಿಸಬೇಡಿ, ಅದು ಬೆಂಗಳೂರು ತಲುಪುವಷ್ಟರಲ್ಲಿ ಪುಡಿಯಾಗಿರುತ್ತದೆ. ಆ ಬೆಳಿಗ್ಗೆಯೇ ಬಿದ್ದ, ಬೆರಳಿಗೆ ಇನ್ನೂ ಮೆದುವಾಗಿ ತಾಗುವ ಎಲೆಗಳನ್ನು ಆಯ್ದು, ಇಬ್ಬನಿಯನ್ನು ಕರವಸ್ತ್ರದಿಂದ ಒತ್ತಿ ತೆಗೆದು, ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒಂದರ ಮೇಲೊಂದು ಬೀಳದಂತೆ ಹರಡಿ, ಪೆಟ್ಟಿಗೆಯ ತಳದಲ್ಲಿ ಸ್ವೆಟರ್‌ಗಳ ಭಾರದ ಕೆಳಗೆ ಇಡಿ. ಊರಿಗೆ ಬಂದ ದಿನವೇ ಪತ್ರಿಕೆಯ ಹಾಳೆಯನ್ನು ಬದಲಿಸಿ, ದಪ್ಪ ನಿಘಂಟಿನೊಳಗೆ ಎರಡು ವಾರ ಬಿಡಿ.